ಚಾಪೆಯಿಂದ ಏಳುವ ಮೊದಲು

ನಾನು ನಿಂತದ್ದು ಇನ್ನಂಜೆಯ ನಮ್ಮ ಮನೆಯ ಚಾವಡಿಯಲ್ಲಿ, ಮಾವನ ಕುರ್ಚಿಯ ಎಡಬದಿಗೆ, ಒಳಬಾಗಿಲಿನ ದಾರಂದಕ್ಕೆ ಹೆಗಲು ತಾಗಿಸಿಕೊಂಡು. ಅದು ಸೋಮವಾರದ ಸಂಜೆ. ಶಾಲೆಯಿಂದ ಬಂದು ಚಾ ಕುಡಿದಾಗಿತ್ತು, ದೇವರ ದೀಪ ಇನ್ನೂ ಹಚ್ಚಿರಲಿಲ್ಲ. ಮೊದಲ ಬೆಳೆಯ ಭತ್ತವನ್ನು ಅಂಗಳದಲ್ಲಿ ಬೇಯಿಸುತ್ತಿದ್ದ ದಿನ. ಇಂಗ್ಲಿಷ್ ಪಾಠಕ್ಕೆ ಬಂದು ಚಾಪೆಯ ಮೇಲೆ ಕುಳಿತ ಮಕ್ಕಳ ಮುಖ ಮಾವನ ಕಡೆಗೆ, ಬೆನ್ನು ಅಂಗಳದ ಕಡೆಗೆ. ಮಾವನ ಮುಖ ಅಂಗಳದ ಕಡೆಗೆ. ತಪ್ಪು ಹೇಳಿದ್ದಕ್ಕೆ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರಿಂದ ನನಗೆ ಎರಡೂ ಕಾಣುತ್ತಿತ್ತು: ಎದುರಿಗೆ ಅಂಗಳ, ಪಕ್ಕದಲ್ಲಿ ಮಾವನ ಮುಖ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಆ ಸಂಜೆಯ ಬಗ್ಗೆ ನಮ್ಮ ಕುಟುಂಬದಲ್ಲಿ ಮಾತನಾಡುವವರಲ್ಲಿ ಹೆಚ್ಚಿನವರು ಅಲ್ಲಿ ಇರಲಿಲ್ಲ, ಇದ್ದವರಲ್ಲಿ ಹೆಚ್ಚಿನವರು ಅಂಗಳಕ್ಕೆ ಬೆನ್ನು ಹಾಕಿ ಕುಳಿತಿದ್ದರು.

ಮನೆ ನನ್ನ ಅಜ್ಜಿಯದ್ದು. ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದ ಬರುತ್ತದೆ, ಯಜಮಾನಿಕೆ ಮಾತ್ರ ಅವರ ಅಣ್ಣನದ್ದೋ ತಮ್ಮನದ್ದೋ ಆಗಿರುತ್ತದೆ. ಅಜ್ಜಿ ತೀರಿದ ಮೇಲೆ ಮನೆಯಲ್ಲಿ ಇದ್ದವರು ನನ್ನ ಅಮ್ಮ, ಅಮ್ಮನ ತಂಗಿ ಗಿರಿಜ ಚಿಕ್ಕಮ್ಮ, ನಾನು, ಮತ್ತು ಇವರಿಬ್ಬರ ಅಣ್ಣ ವಾಸು ಮಾವ. ಅಪ್ಪ ಮುಂಬಯಿಯ ಒಂದು ಹೋಟೆಲಿನಲ್ಲಿ ದುಡಿಯುತ್ತಿದ್ದರು. ವರ್ಷಕ್ಕೊಮ್ಮೆ ಬಂದಾಗ ಚಾವಡಿಯಲ್ಲಿ ನೆಂಟರ ಹಾಗೆ ಮಲಗುತ್ತಿದ್ದರು, ಯಾವುದಕ್ಕೂ ಅಭಿಪ್ರಾಯ ಹೇಳುತ್ತಿರಲಿಲ್ಲ. ಮಾವ ಕಾಪುವಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಷ್ಟ್ರು. ಅವರ ಹೆಂಡತಿ ಮಕ್ಕಳು ಉಡುಪಿಯ ಬನ್ನಂಜೆಯಲ್ಲಿ, ಅತ್ತೆಯ ತಾಯಿಮನೆಯಲ್ಲಿದ್ದರು. ಮಾವ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿ, ಸೋಮವಾರ ಅಲ್ಲಿಂದಲೇ ಶಾಲೆಗೆ ಹೋಗಿ, ಸಂಜೆ ನಮ್ಮಲ್ಲಿಗೆ ಬರುತ್ತಿದ್ದರು. ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸ್ವಲ್ಪ ಗಟ್ಟಿಯಾಗಿ ಮಾತನಾಡುತ್ತಿದ್ದೆವು. ಮಾವ ಇದ್ದ ದಿನ ಅವರ ಊಟ ಮೊದಲು, ಆಮೇಲೆ ನನ್ನದು, ಕೊನೆಗೆ ಅಡುಗೆಮನೆಯ ನೆಲದಲ್ಲಿ ಅಮ್ಮ ಮತ್ತು ಚಿಕ್ಕಮ್ಮ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಕೆಲವೊಮ್ಮೆ ಬಸಳೆ. ಮಾವ ಉಣ್ಣುವಾಗ ಯಾರಾದರೂ ಪಾತ್ರೆ ಸದ್ದು ಮಾಡಿದರೆ ಅವರು ಕೈ ನಿಲ್ಲಿಸಿ ಕಾಯುತ್ತಿದ್ದರು. ಸದ್ದು ಮಾಡಿದವರು ಬಂದು ಎದುರಿಗೆ ನಿಂತ ಮೇಲೆ ಮತ್ತೆ ಉಣ್ಣುತ್ತಿದ್ದರು.

ಮನೆಯ ಹಿಂದೆ ಮಲ್ಲಿಗೆ ಗಿಡಗಳಿದ್ದವು. ಆ ಬದಿಯಲ್ಲಿ ಮಲ್ಲಿಗೆ ಇಲ್ಲದ ಮನೆ ಕಡಿಮೆ. ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಬಾಳೆಲೆಯ ಮೇಲೆ ಸುರಿದು, ನೆನೆಸಿದ ಬಾಳೆನಾರಿನಲ್ಲಿ ಕಟ್ಟಬೇಕು. ಶಂಕರಪುರದಲ್ಲಿ ಮಲ್ಲಿಗೆ ವ್ಯಾಪಾರ ನಡೆಯುವ ಕಟ್ಟೆಗೆ ಹೂ ಒಯ್ಯುವವನ ಸೈಕಲ್ ಬರುವಷ್ಟರಲ್ಲಿ ಮುಗಿಯಬೇಕು. ಅಮ್ಮ ಕಟ್ಟುತ್ತಿದ್ದರು, ಆದರೆ ಚಿಕ್ಕಮ್ಮನ ಹಾಗೆ ಅಲ್ಲ. ಚಿಕ್ಕಮ್ಮ ಎಡಗೈಯಲ್ಲಿ ಮೊಗ್ಗು ಜೋಡಿಸುತ್ತ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ನಾರು ಎಳೆದು ಬಿಗಿಯುವುದನ್ನು ನಾನು ಶಾಲೆಗೆ ಹೊರಡುವವರೆಗೂ ನೋಡುತ್ತ ಕೂರುತ್ತಿದ್ದೆ. ಆಕೆ ಹೂವಿನ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಕಡೆ ನೋಡಿ ಮಾತನಾಡುತ್ತಿದ್ದರು. ಒಂದು ಮೊಗ್ಗೂ ನಲುಗುತ್ತಿರಲಿಲ್ಲ. ಹೂ ಒಯ್ಯುವವನು ಬುಟ್ಟಿ ಎತ್ತುವಾಗ ಚಿಕ್ಕಮ್ಮ ಕಟ್ಟಿದ್ದನ್ನು ಬೇರೆಯಾಗಿ ಮೇಲಿಡುತ್ತಿದ್ದ.

ಸಂಜೆ ಚಾವಡಿಯಲ್ಲಿ ಮಾವನ ಇಂಗ್ಲಿಷ್ ಪಾಠ. ಇನ್ನಂಜೆ ಮತ್ತು ಶಂಕರಪುರದ ಮಕ್ಕಳು ಬರುತ್ತಿದ್ದರು. ಆ ವರ್ಷ ಮಾವ ಹಿಡಿದದ್ದು ಒಂದೇ ಪಾಠವನ್ನು. ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದಕ್ಕೆ 'ಇಂಗ್' ಸೇರಿಸಿ ಒಂದು ಹೆಸರಿನ ಮುಂದೆ ಇಟ್ಟರೆ ಅದು ಗುಣವಾಚಕವಾಗುತ್ತದೆ. ಸ್ಲೀಪಿಂಗ್ ಡಾಗ್ ಎಂದರೆ ಮಲಗಿ ನಿದ್ರಿಸುತ್ತಿರುವ ನಾಯಿ. ಬಾಯ್ಲಿಂಗ್ ವಾಟರ್ ಎಂದರೆ ಕುದಿಯುತ್ತಿರುವ ನೀರು. ಮಾವ ಇದನ್ನು 'ಜೋಡಿ' ಎಂದು ಕರೆಯುತ್ತಿದ್ದರು. ಅವರದ್ದೊಂದು ನಿಯಮ ಇತ್ತು: ಚಾಪೆಯಿಂದ ಏಳಬೇಕಾದರೆ ಒಂದು ಜೋಡಿ ಹೇಳಬೇಕು. ನೀರು ಕುಡಿಯಲಿಕ್ಕಿರಲಿ, ಹಿತ್ತಿಲಿಗೆ ಹೋಗಲಿಕ್ಕಿರಲಿ, ಪಾಠ ಮುಗಿದು ಮನೆಗೆ ಹೋಗಲಿಕ್ಕಿರಲಿ, ಸರಿಯಾದ ಜೋಡಿ ಹೇಳದೆ ಏಳುವಂತಿಲ್ಲ. ತಪ್ಪು ಹೇಳಿದವನು ಗೋಡೆಯ ಬದಿಗೆ ನಿಲ್ಲಬೇಕು, ಅವನಿಗೂ ಅದೇ ನಿಯಮ, ಸರಿಯಾದದ್ದು ಹೇಳುವವರೆಗೆ ಕಾಲು ಕೀಳಬಾರದು. ಪುಸ್ತಕದ ಜೋಡಿ ನಡೆಯುವುದಿಲ್ಲ. ಆ ಕ್ಷಣ ಕಣ್ಣೆದುರು ನಡೆಯುತ್ತಿರುವುದನ್ನೇ ಹೇಳಬೇಕು.

"ಕಣ್ಣು ಎಂತಕ್ಕೆ ಕೊಟ್ಟದ್ದು ದೇವರು? ಪುಸ್ತಕಕ್ಕೆ ಮಾತ್ರವಾ? ತಿರುಗಿ ನೋಡು. ಅಂಗಳದಲ್ಲಿ ಎಂತ ನಡೀತಾ ಉಂಟು, ಅದನ್ನು ಹೇಳು."

ಹಾಗಾಗಿ ಮಕ್ಕಳು ತಿರುಗಿ ಅಂಗಳ ನೋಡಿ, ಮತ್ತೆ ಮಾವನ ಕಡೆ ತಿರುಗಿ ಜೋಡಿ ಹೇಳುತ್ತಿದ್ದರು. ಅಂಗಳದಲ್ಲಿ ಯಾವಾಗಲೂ ಇದ್ದವರು ಚಿಕ್ಕಮ್ಮ. ಸ್ವೀಪಿಂಗ್ ವುಮನ್. ವಾಷಿಂಗ್ ವುಮನ್. ಒಮ್ಮೆ ಅವರಿಗೆ ಕೆಮ್ಮು ಹಿಡಿದಾಗ ಕಾಫಿಂಗ್ ವುಮನ್, ಎಲ್ಲರೂ ನಕ್ಕರು. ಚಿಕ್ಕಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ನಗು ಯಾರ ಕಡೆಗೆ ಎಂದು ತಿಳಿಯಲು ಇಂಗ್ಲಿಷ್ ಬೇಕಾಗುವುದಿಲ್ಲ. ಪಾಠ ಮುಗಿದ ಮೇಲೆ ಆಕೆ ನಾಳೆಯ ನಾರು ನೆನೆಸುತ್ತ ನನ್ನನ್ನು ಕೇಳುತ್ತಿದ್ದರು. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇವತ್ತು ನಾನೆಂತ ಆದೆ ಮಗಾ?"

"ಸ್ವೆಟಿಂಗ್ ವುಮನ್."

"ಅಂದರೆ?"

"ಬೆವರುವ ಹೆಂಗಸು."

ಆಕೆ ರವಿಕೆಯ ತೋಳಿನ ಕೆಳಗೆ ನೋಡಿಕೊಂಡರು.

"ಒಲೆ ಹತ್ತಿರ ನಿಂತರೆ ನಿನ್ನ ಮಾವ ಬೆವರುವುದಿಲ್ವಾ? ನಾಳೆ ಕೇಳು. ಅಲ್ಲ, ಬೇಡ, ಕೇಳಬೇಡ ಮಾರಾಯ. ಆಮೇಲೆ ನನಗೆ ಗಂಜಿ ಇಳಿಯಲಿಕ್ಕಿಲ್ಲ."

ಶಂಕರಪುರದಿಂದ ಬರುವವರಲ್ಲಿ ವಲೇರಿಯನ್ ಎಂಬ ಹುಡುಗ ಇದ್ದ. ನನ್ನ ತರಗತಿಯವನೇ. ಅವನ ಮನೆಯವರೂ ಮಲ್ಲಿಗೆಯವರು. ಒಂದು ಸಂಜೆ ಅವನಿಗೆ ಹಿತ್ತಿಲಿಗೆ ಹೋಗಬೇಕಿತ್ತು. ಜೋಡಿ ಬರಲಿಲ್ಲ. 'ಕ್ಲೋಸ್ಡ್ ಡೋರ್' ಎಂದ. ಮಾವ, ಅದು 'ಇಂಗ್' ಅಲ್ಲ, ಕೂತುಕೋ ಎಂದರು. 'ರನ್ನಿಂಗ್ ಕ್ಯಾಟ್' ಎಂದ. ಬೆಕ್ಕು ಎಲ್ಲಿ ಎಂದು ಮಾವ ಕೇಳಿದರು. ಬೆಕ್ಕು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಚಾಪೆ ಒದ್ದೆಯಾಯಿತು. ಪಕ್ಕದವರು ಸರಿದು ಕುಳಿತರು. ಮಾವ ಬೈಯಲಿಲ್ಲ, ಸ್ವರವನ್ನೂ ಏರಿಸಲಿಲ್ಲ. ಎಲ್ಲರ ಕಡೆ ನೋಡಿ, "ಇದಕ್ಕೆ ಜೋಡಿ ಯಾರು ಹೇಳುತ್ತೀರಿ?" ಎಂದು ಕೇಳಿದರು. ಒಬ್ಬ 'ಲೀಕಿಂಗ್ ಬಾಯ್' ಎಂದ. ಹೇಳಿದವನು ನಾನಲ್ಲ, ಹೇಳಿದವನು ಈಗ ಬದುಕಿಲ್ಲ. ಮಾವ, ಸರಿ, ನೀನು ಮನೆಗೆ ಹೋಗಬಹುದು ಎಂದು ಆ ಜೋಡಿ ಹೇಳಿದವನನ್ನು ಬಿಟ್ಟರು. ವಲೇರಿಯನ್ನನ್ನು ಕೈಹಿಡಿದು ಬಾವಿಕಟ್ಟೆಗೆ ಕರೆದುಕೊಂಡು ಹೋದವರು ಚಿಕ್ಕಮ್ಮ. ಕೊಡಪಾನದಿಂದ ನೀರು ಹೊಯ್ದು, ನನ್ನ ಚಡ್ಡಿ ಹಾಕಿಸಿ, ಅವನದ್ದನ್ನು ಒಗೆದು ಹಗ್ಗದ ಮೇಲೆ ಹಾಕಿದರು. ಮರುದಿನ ಅವನು ಬಂದಾಗ ಎಲ್ಲರೂ ಅವನನ್ನು ಹೊಸ ಹೆಸರಿನಿಂದಲೇ ಕರೆದರು. ಆ ಹೆಸರು ಹೈಸ್ಕೂಲು ಮುಗಿಯುವವರೆಗೂ ಅವನ ಜೊತೆ ಇತ್ತು.

ಆ ಮಳೆಗಾಲದ ಕೊನೆಗೆ ಚಿಕ್ಕಮ್ಮನಿಗೆ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿಯ ಶಾಲೆಯೊಂದರಲ್ಲಿ ಗುಮಾಸ್ತ. ಕಾಪುವಿನಲ್ಲಿ ಒಂದು ಮದುವೆಯ ಊಟದಲ್ಲಿ ಚಿಕ್ಕಮ್ಮ ಬಡಿಸುತ್ತಿದ್ದಾಗ ಅವರನ್ನು ನೋಡಿ, ಯಾರ ಮನೆಯವರು ಎಂದು ವಿಚಾರಿಸಿದ್ದರಂತೆ. ಇದನ್ನು ಚಿಕ್ಕಮ್ಮ ನನಗೆ ಬೇರೆ ಬೇರೆ ರೀತಿಯಲ್ಲಿ ಹಲವು ಸಲ ಹೇಳಿದ್ದಾರೆ. ಒಂದು ಸಲ ಅವರು ಕೇಳಿದ್ದು ಸಾರು, ಇನ್ನೊಂದು ಸಲ ಪಾಯಸ. ಭತ್ತದ ಕೆಲಸ ಮುಗಿದ ಮೇಲೆ ನೋಡಲು ಬರುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು. ಮಾವ ಬೇಡ ಎನ್ನಲಿಲ್ಲ. ಬರಲಿ, ನೋಡಲಿ ಎಂದರು. ಚಿಕ್ಕಮ್ಮ ಅಂದಿನಿಂದ ಸೋಮವಾರ ಒಪ್ಪೊತ್ತು ಹಿಡಿದರು, ಹಗಲಿಡೀ ಏನೂ ತಿನ್ನದೆ ಇದ್ದು ದೀಪ ಹಚ್ಚಿದ ಮೇಲೆ ಒಂದು ಊಟ. ಆಕೆಗೆ ಹೋಗಬೇಕೆಂದಿತ್ತು. ಅದನ್ನು ಆಕೆ ಅಮ್ಮನಿಂದಲೂ ಮುಚ್ಚಿಡಲಿಲ್ಲ.

"ಕಾರ್ಕಳದಲ್ಲಿ ಸೆಕೆ ಜಾಸ್ತಿಯಂತೆ," ಎಂದು ಅಮ್ಮ ಹೇಳಿದರು.

"ಇರಲಿ. ಅವರ ಚಾವಡಿಯಲ್ಲಿ ಇಂಗ್ಲಿಷ್ ಪಾಠ ಇಲ್ಲವಂತೆ, ನಾನು ವಿಚಾರಿಸಿದ್ದೇನೆ," ಎಂದರು ಚಿಕ್ಕಮ್ಮ.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವರಿಬ್ಬರು ಹಾಗೆ ಒಟ್ಟಿಗೆ ನಕ್ಕದ್ದನ್ನು ನಾನು ಆಮೇಲೆ ಕಂಡಿಲ್ಲ.

ಇನ್ನು ಆ ಸೋಮವಾರ. ಅಂಗಳದ ಮೂಲೆಯಲ್ಲಿ ಕೆಂಪುಕಲ್ಲು ಇಟ್ಟು ಮಾಡಿದ ಒಲೆ, ಅದರ ಮೇಲೆ ತಾಮ್ರದ ಕೊಪ್ಪರಿಗೆ, ಅದರ ತುಂಬ ಭತ್ತ ಮತ್ತು ನೀರು. ಕುಚ್ಚಲಕ್ಕಿಗೆ ಭತ್ತವನ್ನು ಸಿಪ್ಪೆ ಬಿರಿಯುವವರೆಗೆ ಬೇಯಿಸಿ, ಬುಟ್ಟಿಯಲ್ಲಿ ತೆಗೆದು, ಚಾಪೆಯ ಮೇಲೆ ಹರಡಬೇಕು. ಬೆಳಗ್ಗಿನಿಂದ ಚಿಕ್ಕಮ್ಮ ಅದರ ಹತ್ತಿರವೇ ಇದ್ದರು. ಅಮ್ಮ ದನ ತರಲು ಗದ್ದೆಯ ಕಡೆ ಹೋಗಿದ್ದರು. ನನ್ನನ್ನು ಮಾವ ಎಬ್ಬಿಸಿ ನಿಲ್ಲಿಸಿದ್ದರು, ನಾನು 'ಬಾಯ್ಲಿಂಗ್' ಎಂದು ಹೇಳಬೇಕಾದಲ್ಲಿ 'ಬಾಯ್ಲ್ಡ್' ಎಂದಿದ್ದೆ. ಚಿಕ್ಕಮ್ಮ ಸೌದೆ ಒಳಗೆ ತಳ್ಳಲು ಬಗ್ಗಿದರು. ಎದ್ದು ನಿಂತರು. ಎಡಗೈಯನ್ನು ಹಣೆಗೆ ಇಟ್ಟುಕೊಂಡರು. ಆಮೇಲೆ ಮೊಣಕಾಲು ಮಡಚಿ, ಬಲಬದಿಗೆ ಬಿದ್ದರು. ಕೂಗಲಿಲ್ಲ. ಅವರ ಬಲಗೈ ಒಲೆಯ ಬಾಯಿಯ ಒಳಗೆ ಹೋಯಿತು. ಅದು ಅಲ್ಲೇ ಇತ್ತು. ಆಕೆಗೆ ಪ್ರಜ್ಞೆ ಇರಲಿಲ್ಲ, ಹಾಗಾಗಿ ಕೈ ಹಿಂದಕ್ಕೆ ಬರಲಿಲ್ಲ.

ನಾನು ಮಾವನ ಮುಖ ನೋಡಿದೆ. ಅವರ ಕಣ್ಣು ಅಂಗಳದ ಆ ಮೂಲೆಯಲ್ಲೇ ಇತ್ತು. ಆಕೆ ಬೀಳುವ ಮೊದಲೂ ಅಲ್ಲೇ ಇತ್ತು.

"ಮಾವ, ಚಿಕ್ಕಮ್ಮ ಬಿದ್ದರು," ಎಂದೆ.

"ಇಂಗ್ಲಿಷಿನಲ್ಲಿ."

"ಮಾವ, ಕೈ..."

"ಜೋಡಿ ಹೇಳಿ ಹೋಗು."

"ಫಾಲಿಂಗ್ ವುಮನ್."

"ಅವಳು ಬಿದ್ದಾಯಿತು. ಈಗ ಬೀಳ್ತಾ ಇಲ್ಲ. ತಪ್ಪು."

ಇದು ಅವರ ಮಾತು. ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಎಡವಿ ಬಿದ್ದಿದ್ದಾಳೆ, ಏಳುತ್ತಾಳೆ ಎಂದು ಎಣಿಸಿರಬಹುದು. ಕೈ ಎಲ್ಲಿದೆ ಎಂಬುದು ಅವರ ಬುದ್ಧಿಗೆ ಹೋಗದೆ ಇದ್ದಿರಬಹುದು. ಆದರೆ ನಾನು ನಿಂತಲ್ಲಿಂದ ಕಂಡದ್ದು ಅವರು ಕುಳಿತಲ್ಲಿಂದಲೂ ಕಾಣುತ್ತಿತ್ತು, ನನಗಿಂತ ಚೆನ್ನಾಗಿ ಕಾಣುತ್ತಿತ್ತು. ನಾನು ಇನ್ನೊಂದು ಪದ ಹುಡುಕುತ್ತಿದ್ದೆ. ಚಾಪೆಯ ಮೇಲಿನ ಮಕ್ಕಳಿಗೆ ತಿರುಗಿ ನೋಡಲು ಅಪ್ಪಣೆ ಆಗಿರಲಿಲ್ಲ, ಅವರು ಮಾವನ ಕಡೆಗೇ ನೋಡುತ್ತಿದ್ದರು. ಒಬ್ಬ ಮಾತ್ರ ತಿರುಗಿದ. ಅವನು ವಲೇರಿಯನ್. ತಿರುಗಿದವನೇ ಜೋಡಿ ಹೇಳದೆ ಎದ್ದ, ಚಾವಡಿಯ ಅಂಚಿನ ಗಿಡ್ಡಗೋಡೆ ಹಾರಿದ, ಓಡಿ ಹೋಗಿ ಚಿಕ್ಕಮ್ಮನ ಎರಡೂ ಕಾಲು ಹಿಡಿದು ಎಳೆದ. ಆಗ ಆಕೆ ಕೂಗಿದರು. ಆ ಕೂಗಿಗೆ ಅಮ್ಮ ಗದ್ದೆಯಿಂದ ಓಡಿ ಬಂದರು, ಎಲ್ಲ ಮಕ್ಕಳೂ ಎದ್ದರು, ಮಾವನೂ ಎದ್ದರು.

ಅಮ್ಮ ಮೊದಲು ತಣ್ಣೀರು ಹೊಯ್ದರು, ಆಮೇಲೆ ಬಾಳೆಲೆಯಲ್ಲಿ ಕೈ ಸುತ್ತಿದರು. ರಸ್ತೆಯವರೆಗೆ ಹೊತ್ತುಕೊಂಡು ಹೋಗಿ, ಬಾಡಿಗೆ ಕಾರು ಹಿಡಿದು ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ ಕರೆದುಕೊಂಡು ಹೋದರು. ನಾನು ಮನೆಯಲ್ಲಿ ಉಳಿದೆ. ಕೊಪ್ಪರಿಗೆಯ ಭತ್ತ ತಳಕ್ಕೆ ಅಂಟಿ ಕರಟಿಹೋಯಿತು. ಮಾವ ಕಾರಿನಲ್ಲಿ ಹೋಗುವ ಮೊದಲು ಮಕ್ಕಳಿಗೆ, ನಾಳೆ ಪಾಠ ಉಂಟು ಎಂದು ಹೇಳಿ ಹೋದರು. ಪಾಠ ಇತ್ತು. ಮರುದಿನ ಸಂಜೆ ಅವರು ಮೊದಲು ಮಾಡಿದ ಕೆಲಸ, ವಲೇರಿಯನ್ನನ್ನು ಎದುರಿಗೆ ಕರೆದು ಅಂಗೈ ಒಡ್ಡಿಸಿದ್ದು. ಬೆತ್ತ ಬೀಳುವಾಗ ಅವನು ನನ್ನ ಕಡೆ ನೋಡುತ್ತಿದ್ದ.

"ಎಂತಕ್ಕೆ ಪೆಟ್ಟು, ಗೊತ್ತುಂಟಾ?"

"ಜೋಡಿ ಹೇಳದೆ ಎದ್ದದ್ದಕ್ಕೆ."

"ಮತ್ತೆ? ನೀನು ಎದ್ದೆ ಅಂತ ನಾಳೆ ಇವನು ಏಳುತ್ತಾನೆ. ಹೋಗಿ ಕೂತುಕೋ."

ಅಮ್ಮ ಮಣಿಪಾಲದಿಂದ ಬಟ್ಟೆ ಒಯ್ಯಲು ಬಂದ ದಿನ ನಾನು ನೋಡಿದ್ದನ್ನೆಲ್ಲ ಹೇಳಿದೆ. ಅಮ್ಮ ಕೇಳಿಕೊಂಡರು, ಎದ್ದು ಚಾವಡಿಗೆ ಹೋದರು. ಅಣ್ಣನ ಎದುರು ಅವರು ಸ್ವರ ಎತ್ತಿದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

"ಅಣ್ಣ, ನೀವು ನೋಡಿದ್ದೀರಾ ಇಲ್ವಾ, ಅಷ್ಟು ಹೇಳಿ."

"ನಾನು ಪಾಠ ಮಾಡ್ತಾ ಇದ್ದೆ."

"ಪಾಠ ಅಲ್ಲ ನಾನು ಕೇಳಿದ್ದು."

"ಬಿಸಿಲು ಕಣ್ಣಿಗೆ ಹೊಡೀತಿತ್ತು. ನನಗೆಂತದೂ ಕಾಣಲಿಲ್ಲ. ಮತ್ತೆ, ಅವಳಿಗೆ ಆ ಉಪವಾಸ ಹಿಡಿಯಲಿಕ್ಕೆ ಯಾರು ಹೇಳಿದ್ದು? ನಾನಾ?"

ನಮ್ಮ ಮನೆ ಪೂರ್ವಕ್ಕೆ ಮುಖ ಮಾಡಿದೆ. ಸಂಜೆ ಅಂಗಳದಲ್ಲಿ ಬಿಸಿಲು ಇರುವುದಿಲ್ಲ, ಮನೆಯ ನೆರಳು ಇರುತ್ತದೆ. ಅದು ಅಮ್ಮನಿಗೂ ಗೊತ್ತಿತ್ತು, ಅವರು ಹುಟ್ಟಿದ್ದು ಅದೇ ಮನೆಯಲ್ಲಿ. ಅವರು ಒಳಗೆ ಬಂದು ಬಟ್ಟೆಯ ಗಂಟು ಕಟ್ಟಿದರು. ನಾನು, ಬಿಸಿಲು ಇರಲಿಲ್ಲ ಅಮ್ಮ ಎಂದೆ. ಅವರು ನನ್ನ ಕೆನ್ನೆಗೆ ಹೊಡೆದು, ದೊಡ್ಡವರು ಕಾಣಲಿಲ್ಲ ಅಂದ ಮೇಲೆ ಮುಗಿಯಿತು ಎಂದರು. ಆಮೇಲೆ ಹೊಡೆದ ಕೆನ್ನೆಯನ್ನು ಸೆರಗಿನಿಂದ ಒರೆಸಿದರು. ಅವರು ಸಾಯುವವರೆಗೂ ಆ ಸಂಜೆಯ ಮಾತು ಬಂದಾಗೆಲ್ಲ, ಅಣ್ಣನಿಗೆ ಕಂಡಿರಲಿಕ್ಕಿಲ್ಲ ಎಂದೇ ಹೇಳಿದರು. ಕಂಡಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ.

ಚಿಕ್ಕಮ್ಮ ಮನೆಗೆ ಬಂದಾಗ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಒಳಕ್ಕೆ ಬಾಗಿ ನಿಂತಿದ್ದವು. ಹೆಬ್ಬೆರಳು ಮಾತ್ರ ಅಲ್ಲಾಡುತ್ತಿತ್ತು. ಬಂದ ಮರುದಿನ ಬೆಳಗ್ಗೆ ಆಕೆ ಹೂವಿನ ಕೋಣೆಗೆ ಹೋಗಿ ಕುಳಿತು, ಎಡಗೈಯಲ್ಲಿ ಮೊಗ್ಗು ಜೋಡಿಸಿ, ನಾರನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಲು ನೋಡಿದರು. ಮೊಗ್ಗು ಚೆದುರಿತು. ಮತ್ತೆ ಜೋಡಿಸಿದರು. ಅಮ್ಮ ಬಂದು ಬಾಳೆಲೆಯನ್ನು ತನ್ನ ಕಡೆಗೆ ಎಳೆದುಕೊಂಡರು. ಹೂ ಒಯ್ಯುವವನು ಆ ದಿನದಿಂದ ಬುಟ್ಟಿಯಲ್ಲಿ ಬೇರೆಯಾಗಿ ಮೇಲಿಡುವುದನ್ನು ಬಿಟ್ಟ.

ಕಾರ್ಕಳದವರು ಬರುವುದನ್ನು ಮುಂದೂಡಿದರು, ಆದರೆ ಬಂದರು. ಕೈ ಸುಟ್ಟದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದರು ಎಂಬುದಕ್ಕೆ ಚಿಕ್ಕಮ್ಮ ಬೆಳಗ್ಗಿನಿಂದ ಎಷ್ಟೋ ಸಲ ಅಮ್ಮನ ಮುಖ ನೋಡಿ ನಕ್ಕಿದ್ದರು. ಬಂದವರು ಆ ಗುಮಾಸ್ತರು ಮತ್ತು ಅವರ ಅಕ್ಕ. ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣು ಕೊಟ್ಟೆವು. ಚಿಕ್ಕಮ್ಮ ಎಡಗೈಯಲ್ಲಿ ಚಾ ತಂದಿಟ್ಟಾಗ ಗುಮಾಸ್ತರ ಅಕ್ಕ ಬಲಗೈ ತೋರಿಸಲು ಹೇಳಿ, ಅದನ್ನು ತನ್ನ ಕೈಯಲ್ಲಿ ಹಿಡಿದು ನೋಡಿ, ಮನೆಗೆಲಸಕ್ಕೆ ನಾನೂ ಇದ್ದೇನೆ, ಎರಡು ಕೈಗೆ ಎರಡು ಕೈ ಸಹಾಯ ಆಗುತ್ತದೆ ಎಂದರು. ಅಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಆಗ ಗುಮಾಸ್ತರು ಮಾವನನ್ನು, ಇದು ಹೇಗಾಯಿತು ಎಂದು ಕೇಳಿದರು. ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಮಾವ ತಲೆ ಎತ್ತಿ ನನ್ನನ್ನು ನೋಡಿದರು. ಮತ್ತೆ ಗುಮಾಸ್ತರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತನಾಡಿದರು. ಅವರು ಹೇಳಿದ್ದು: ನನ್ನ ತಂಗಿ ಒಬ್ಬ ಫೇಂಟಿಂಗ್ ವುಮನ್, ಚಿಕ್ಕಂದಿನಿಂದ ಹೀಗೆ, ಎಲ್ಲಿ ಯಾವಾಗ ಬೀಳುತ್ತಾಳೆ ಹೇಳಲಾಗದು, ನಿಮಗೆ ತಿಳಿಸದೆ ಇರುವುದು ಸರಿಯಲ್ಲ. ಚಿಕ್ಕಂದಿನಿಂದ ಎಂಬುದು ಸುಳ್ಳು. ಆಕೆ ಅದಕ್ಕಿಂತ ಮೊದಲೂ ಬಿದ್ದದ್ದಿಲ್ಲ, ಆಮೇಲೂ ಬಿದ್ದಿಲ್ಲ. ಗುಮಾಸ್ತರು ಲೋಟ ಕೆಳಗಿಟ್ಟರು. ಇಂಗ್ಲಿಷ್ ತಿಳಿಯದ ಅವರ ಅಕ್ಕ ತಮ್ಮನ ಮುಖ ನೋಡಿದರು. ಚಿಕ್ಕಮ್ಮ ನನ್ನ ಮುಖ ನೋಡಿದರು. ಆ ಹೊತ್ತಿಗೆ ಅವರಿಬ್ಬರಿಗೂ ಅಮ್ಮನಿಗೂ ಅಲ್ಲಿ ಆಗುತ್ತಿದ್ದುದು ಅರ್ಥವಾಗುತ್ತಿರಲಿಲ್ಲ, ಅರ್ಥವಾದ ನಾವು ಮೂವರೂ ಗಂಡಸರೇ.

ಅವರು ಹೋದ ಮೇಲೆ ಚಿಕ್ಕಮ್ಮ ನನ್ನನ್ನು ಹೂವಿನ ಕೋಣೆಗೆ ಕರೆದರು.

"ಅಣ್ಣ ಎಂತ ಹೇಳಿದ್ದು?"

ನಾನು ಹೇಳಿದೆ.

"ಯಾವಾಗಲೂ ಬೀಳುವವಳು ಅಂತಲಾ?"

"ಹೌದು."

"ಆದರೆ ನಾನು ಬಿದ್ದದ್ದು ಒಂದೇ ಸಲ," ಎಂದರು ಚಿಕ್ಕಮ್ಮ. ಸಿಟ್ಟಿನಿಂದ ಹೇಳಿದ್ದಲ್ಲ. ಅಂಗಡಿಯವನು ತಪ್ಪು ಸಾಮಾನು ಕಟ್ಟಿ ಕೊಟ್ಟರೆ ಹೇಳುವ ಹಾಗೆ ಹೇಳಿದರು. ಕಾರ್ಕಳದಿಂದ ಮತ್ತೆ ಸುದ್ದಿ ಬರಲಿಲ್ಲ. ಬೇರೆ ಕಡೆಯಿಂದಲೂ ಬರಲಿಲ್ಲ, ಏಕೆಂದರೆ ಮಾವ ಹೇಳಿದ ಮಾತು ಕಾರ್ಕಳದಲ್ಲಿ ನಿಲ್ಲಲಿಲ್ಲ. ಚಿಕ್ಕಮ್ಮನನ್ನು ಒಲೆಯ ಹತ್ತಿರ, ಬಾವಿಯ ಹತ್ತಿರ ಒಬ್ಬರೇ ಬಿಡಬಾರದು ಎಂದು ನೆರೆಮನೆಯವರು ಅಮ್ಮನಿಗೆ ಬುದ್ಧಿ ಹೇಳತೊಡಗಿದರು. ಕೊನೆಗೆ ಅಮ್ಮನೂ ಅದನ್ನು ನಂಬಿದರೋ ಏನೋ, ಚಿಕ್ಕಮ್ಮ ಬಾವಿಗೆ ಹೋಗುವಾಗ ಹಿಂದಿನಿಂದ ನನ್ನನ್ನು ಕಳಿಸುತ್ತಿದ್ದರು. ಮಾವ ಆಕೆಯನ್ನು ಬೀಳುವವಳು ಎಂದು ಯಾಕೆ ಹೇಳಿದರು ಎಂದು ನಾನು ತುಂಬ ವರ್ಷ ಯೋಚಿಸಿದ್ದೇನೆ. ಮದುವೆ ತಪ್ಪಿಸಬೇಕೆಂದು ಹೇಳಿದ್ದಲ್ಲ ಎಂದೇ ನನಗೆ ಅನಿಸುತ್ತದೆ. ಆಕೆ ಬೀಳುವವಳಾದರೆ ಸುಟ್ಟದ್ದು ಆಕೆಯ ಸ್ವಭಾವದಿಂದ. ಆಗ ಕುರ್ಚಿಯಲ್ಲಿ ಕುಳಿತವರನ್ನು ಯಾರೂ ಏನೂ ಕೇಳುವಂತಿಲ್ಲ.

ಮುಂದೆ ನಾನು ಭೂಮಾಪನ ಇಲಾಖೆಗೆ ಸೇರಿದೆ. ಇಂತಹ ಕಲ್ಲಿನಿಂದ ಇಂತಹ ಕಲ್ಲಿಗೆ ಇಷ್ಟು ದೂರ ಎಂದು ಬರೆಯುವ ಕೆಲಸ. ಅದರಲ್ಲಿ ನನಗೆ ನೆಮ್ಮದಿ ಇತ್ತು. ಒಬ್ಬ ಮನುಷ್ಯನ ಹೆಸರಿನ ಮುಂದೆ ಒಂದು ಗುಣದ ಪದ ಇಡಬೇಕಾದಾಗ ಇಂದಿಗೂ ನನ್ನ ಕೈ ತಡೆಯುತ್ತದೆ. ಮಗನ ಶಾಲೆಯಲ್ಲಿ ಮಾಷ್ಟ್ರು, ನಿಮ್ಮ ಹುಡುಗ ಹೇಗೆ, ಎರಡು ಮಾತಿನಲ್ಲಿ ಹೇಳಿ ಎಂದು ಕೇಳಿದಾಗ ನಾನು, ನಿನ್ನೆ ಅವನು ಏನು ಮಾಡಿದ ಎಂದು ಹೇಳಬಲ್ಲೆ ಎಂದೆ. ಹೆಂಡತಿಗೆ ಅವಮಾನವಾಯಿತು.

ಈ ವರ್ಷ ಉಡುಪಿಯ ಒಂದು ಸಭಾಭವನದಲ್ಲಿ 'ಗುರುವಂದನೆ' ಎಂದು ಮಾವನ ಹಳೆಯ ವಿದ್ಯಾರ್ಥಿಗಳು ಅವರಿಗೆ ಸನ್ಮಾನ ಇಟ್ಟುಕೊಂಡರು. ಮಾವನಿಗೆ ಈಗ ತುಂಬ ವಯಸ್ಸಾಗಿದೆ, ಆದರೆ ಮಾತು, ನೆನಪು ಎರಡೂ ಸ್ಪಷ್ಟ ಇವೆ. ಮನೆಯವರೆಲ್ಲ ಬರಬೇಕೆಂದು ಅವರೇ ಫೋನು ಮಾಡಿ ಹೇಳಿದರು. ಚಿಕ್ಕಮ್ಮನನ್ನು ನಾನೇ ಇನ್ನಂಜೆಯಿಂದ ಕರೆದುಕೊಂಡು ಹೋದೆ. ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಆಕೆ ಬಲಗೈಯನ್ನು ಸೆರಗಿನ ಒಳಗೆ ಇಟ್ಟುಕೊಂಡು ಕುಳಿತರು. ಶಿಷ್ಯರ ಪರವಾಗಿ ಮಾತನಾಡಿದವನು ವಲೇರಿಯನ್. ಮಸ್ಕತ್ತಿನಲ್ಲಿ ಬಹಳ ಕಾಲ ಇದ್ದು ಈಗ ಮಣಿಪಾಲದಲ್ಲಿ ಮನೆ ಕಟ್ಟಿಸಿದ್ದಾನೆ. ಚೆನ್ನಾಗಿ ಮಾತನಾಡುತ್ತಾನೆ. ಚಾಪೆಯ ನಿಯಮವನ್ನು ವಿವರಿಸಿದ, ತನಗೆ ಬಿದ್ದ ಹೆಸರನ್ನು ತಾನೇ ಹೇಳಿದ, ಸಭೆ ನಕ್ಕಿತು.

"ಒಂದು ದಿನ ಮಾಷ್ಟ್ರ ಸ್ವಂತ ತಂಗಿ ಅಂಗಳದಲ್ಲಿ ಬಿದ್ದರು. ಎದುರಿಗೇ. ನಮ್ಮ ಮಾಷ್ಟ್ರು ಎದ್ದರಾ? ಇಲ್ಲ. ಮೊದಲು ಜೋಡಿ ಹೇಳು ಅಂದರು. ನಾನು ಹೇಳದೆ ಓಡಿದೆ, ಮರುದಿನ ಪೆಟ್ಟು ತಿಂದೆ. ಆ ಪೆಟ್ಟು ತಿಂದ ಕೈಯೇ ಇವತ್ತಿನವರೆಗೆ ಇಂಗ್ಲಿಷ್ ಬರೆದು ಅನ್ನ ತಿಂದದ್ದು. ಅಂತಹ ಶಿಸ್ತು ಈಗ ಎಲ್ಲಿ ಉಂಟು, ಹೇಳಿ."

ಜನ ನಕ್ಕು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಮಾವ ಕೈ ಮುಗಿದರು. ಮುಗುಳ್ನಗುತ್ತಿದ್ದರು. ಬಿಸಿಲಿನ ಮಾತು ಅವರು ಎತ್ತಲಿಲ್ಲ. ಎದುರಿಗೇ ಎಂದು ವಲೇರಿಯನ್ ಹೇಳಿದಾಗ ಇಲ್ಲ ಎನ್ನಲೂ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲಿನಲ್ಲಿ ನಾನು ವಲೇರಿಯನ್ನನ್ನು ಹಿಡಿದು ನಿಲ್ಲಿಸಿದೆ.

"ಅವರು ನೋಡಿದ್ದರು ಅಂತ ನಿನಗೆ ಗೊತ್ತಿತ್ತಾ?"

"ನಾನು ಎದ್ದಾಗ ಅವರ ಮುಖ ಕಂಡಿದ್ದೆ ಮಾರಾಯ. ನೋಡದೆ ಎಂತ? ಆದರೆ ಈಗ ಅದೆಲ್ಲ ಯಾಕೆ? ವಯಸ್ಸಾದವರು. ನಗಲಿಕ್ಕೆ ಹೇಳಿದ್ದು."

"ಚಿಕ್ಕಮ್ಮ ಮೊದಲ ಸಾಲಿನಲ್ಲಿ ಇದ್ದರು."

"ಹೌದಾ?" ಎಂದ ಅವನು. "ಗುರುತೇ ಸಿಗಲಿಲ್ಲ ನನಗೆ."

ರಿಕ್ಷಾದಲ್ಲಿ ಹಿಂತಿರುಗುವಾಗ, ಕಟಪಾಡಿ ದಾಟಿದ ಮೇಲೆ, ಚಿಕ್ಕಮ್ಮ ಮಾತು ತೆಗೆದರು. ಸಭೆಯ ಮಾತೆಲ್ಲ ಕನ್ನಡದಲ್ಲೇ ಆದದ್ದರಿಂದ ನಾನು ಏನನ್ನೂ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ.

"ಅಷ್ಟು ಜನ ನಕ್ಕರು, ಅಲ್ವಾ," ಎಂದರು. "ಆ ತಂಗಿ ಆಮೇಲೆ ಎಂತಾದಳು ಅಂತ ಒಬ್ಬರಾದರೂ ಕೇಳಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಅಳತೆ ಬರೆಯುವವನು. ಇದನ್ನೂ ಬರೆ. ನನ್ನನ್ನು ಪಾಪದವಳು, ಅಯ್ಯೋ ಅನ್ನಬೇಕಾದವಳು ಅಂತ ಬರೆಯಬೇಡ. ನಿನಗೆ ಕಂಡದ್ದು ಎಷ್ಟೋ ಅಷ್ಟೇ ಬರೆ. ಕಂಡವರ ಹೆಸರೂ ಬರೆ."

ಬರೆದಿದ್ದೇನೆ. ಅಮ್ಮ ಈಗ ಇಲ್ಲ, ಅವರು ಕಂಡದ್ದು ಆಮೇಲಿನದ್ದನ್ನು ಮಾತ್ರ. ಚಾಪೆಯ ಮೇಲಿದ್ದ ಉಳಿದವರು ಅಂಗಳಕ್ಕೆ ಬೆನ್ನು ಹಾಕಿದ್ದರು, ಅವರನ್ನು ನಾನು ಸಾಕ್ಷಿಗೆ ಕರೆಯುವುದಿಲ್ಲ. ನನ್ನನ್ನು ಬಿಟ್ಟು ಅದನ್ನು ಕಂಡು ಇಂದಿಗೂ ಬದುಕಿರುವವರು ಇಬ್ಬರು. ಒಬ್ಬ ವಲೇರಿಯನ್, ಮಣಿಪಾಲದಲ್ಲಿದ್ದಾನೆ. ಇನ್ನೊಬ್ಬರು ನನ್ನ ಸೋದರಮಾವ ವಾಸು ಮಾಷ್ಟ್ರು. ಬನ್ನಂಜೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಸಂಜೆ ಹೊತ್ತು ಜಗಲಿಯಲ್ಲಿ ಕುಳಿತಿರುತ್ತಾರೆ, ಹೋದರೆ ಸಿಗುತ್ತಾರೆ.